ಮಕ್ಕಳ ಭಾವಶಿಕ್ಷಣದಲ್ಲಿ ಅಂತರ್ಜಾಲದ ಕಿರುಚಿತ್ರಗಳು: ಒಂದು ವಿಮರ್ಶೆ

೧

ಮಕ್ಕಳಿಗೆ ಅಕ್ಷರವನ್ನೂ ಅಂಕಗಣಿತವನ್ನೂ ಕಲಿಸುವುದರ ಜೊತೆಗೆ, ಕೋಪವನ್ನು ತಡೆದುಕೊಳ್ಳುವುದು, ಪರರ ದುಃಖವನ್ನು ಅರಿಯುವುದು, ಸರದಿಗಾಗಿ ಕಾಯುವುದು, ಜಗಳವಾಡಿದವರೊಡನೆ ಮತ್ತೆ ಕೂಡಿಕೊಳ್ಳುವುದು ಮೊದಲಾದ ಗುಣಗಳನ್ನೂ ಕಲಿಸಬೇಕೆಂಬುದು ಹೊಸ ಮಾತಲ್ಲ. ನಮ್ಮ ಹಿರಿಯರು ಇದನ್ನು ನಡತೆ ಎಂದು ಕರೆದರು. ಶಾಲೆಯ ವೇಳಾಪಟ್ಟಿ ಇದನ್ನು ನೀತಿಪಾಠವೆಂದಿತು. ಅನಂತರ ಮೌಲ್ಯಶಿಕ್ಷಣವೆಂಬ ಹೆಸರು ಬಂದಿತು. ಅಮೆರಿಕೆಯಲ್ಲಿ ೧೯೯೪ರಲ್ಲಿ ಸ್ಥಾಪಿತವಾದ ‘ಕ್ಯಾಸೆಲ್’ ಎಂಬ ಸಂಸ್ಥೆ ‘ಸಾಮಾಜಿಕ–ಭಾವನಾತ್ಮಕ ಕಲಿಕೆ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದು, ತನ್ನನ್ನು ತಾನು ಅರಿಯುವುದು, ತನ್ನನ್ನು ಅಂಕೆಯಲ್ಲಿರಿಸಿಕೊಳ್ಳುವುದು, ಪರರನ್ನು ಅರಿಯುವುದು, ಸಂಬಂಧಗಳನ್ನು ಉಳಿಸಿ ಬೆಳೆಸುವುದು, ವಿವೇಕದಿಂದ ನಿರ್ಧರಿಸುವುದು ಎಂದು ಅದನ್ನು ಐದು ಭಾಗಗಳಾಗಿ ವಿಂಗಡಿಸಿತು. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ೨೦೧೮ರ ಜುಲೈಯಲ್ಲಿ ಇದೇ ಉದ್ದೇಶದ ಪಾಠಕ್ರಮವೊಂದು ಪ್ರಾರಂಭವಾಯಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಬಗೆಯ ಕಲಿಕೆಯ ಅಗತ್ಯವನ್ನು ಎತ್ತಿಹೇಳಿದೆ.

ಹೆಸರು ಬದಲಾದಂತೆ ಸಾಧನವೂ ಬದಲಾಗಿದೆ. ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ‘ಮಗುವಿಗೆ ಒಳ್ಳೆಯದು ಕಲಿಸಬೇಕು’ ಎಂದು ಬಯಸುವ ತಾಯಿಯೂ, ಶನಿವಾರದ ಬೆಳಗಿನ ತರಗತಿಗೆ ಒಂದು ನೀತಿಕಥೆಯನ್ನು ಅರಸುವ ಉಪಾಧ್ಯಾಯರೂ ಮೊದಲು ಕೈಹಾಕುವುದು ಮೊಬೈಲಿಗೆ. ಎರಡು ಮೂರು ನಿಮಿಷದ ಬಣ್ಣದ ಚಿತ್ರ. ಅದರಲ್ಲಿ ಒಂದು ಮೊಲ, ಒಂದು ಆನೆ. ಒಂದು ಜಗಳ, ಒಂದು ಪಶ್ಚಾತ್ತಾಪ. ಕೊನೆಯಲ್ಲಿ ಒಂದು ಸಾಲಿನ ನೀತಿ. ಇಂಥ ಚಿತ್ರಗಳು ಮಕ್ಕಳ ಭಾವಶಿಕ್ಷಣದ ಹೊರೆಯನ್ನು ಎಷ್ಟರ ಮಟ್ಟಿಗೆ ಹೊರಬಲ್ಲವು, ಎಲ್ಲಿ ಅವು ಸೋಲುತ್ತವೆ, ಸೋಲದಂತೆ ಅವನ್ನು ಬಳಸುವ ಮಾರ್ಗ ಯಾವುದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದು ಮನಶ್ಶಾಸ್ತ್ರಜ್ಞರ ಕ್ಷೇತ್ರವಲ್ಲವೆ, ಚರಿತ್ರೆಯ ಅಧ್ಯಾಪಕನಿಗೆ ಇಲ್ಲೇನು ಕೆಲಸ ಎಂದು ಕೇಳುವವರು ಉಂಟು. ಸಾಧನವೊಂದು ಹೊಸದಾಗಿ ಕಂಡಾಗ ಅದಕ್ಕೆ ಹಿಂದೆ ಏನಿತ್ತು, ಆಗ ಏನಾಯಿತು ಎಂದು ಕೇಳುವುದು ಚರಿತ್ರೆಯ ಕೆಲಸವೇ ಆಗಿದೆ.

೨

ಕಿರುಚಿತ್ರದ ಮೂಲಕ ಕನ್ನಡದ ಹಳ್ಳಿಯ ಮಕ್ಕಳಿಗೆ ಪಾಠ ಹೇಳುವ ಪ್ರಯತ್ನ ನಿನ್ನೆ ಮೊನ್ನೆಯದಲ್ಲ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ, ಅಮೆರಿಕೆಯ ಎಟಿಎಸ್–೬ ಉಪಗ್ರಹದ ನೆರವಿನಿಂದ, ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ‘ಸೈಟ್’ ಎಂಬ ದೂರದರ್ಶನ ಶಿಕ್ಷಣ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದವು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗಳಿಗೆ ಹಂಚಿದ್ದರಿಂದ ಕನ್ನಡದ ಮಕ್ಕಳ ಪಾಲಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ದೊರೆಯಿತು. ಅಷ್ಟು ಕಾಲವೇ ಅಂದಿನವರಿಗೆ ಕಿರಿದಾಗಿ ತೋರಿತ್ತು. ಇಂದಿನ ಅಳತೆಯಲ್ಲಿ ಅದು ಹತ್ತು ಚಿತ್ರಗಳ ಕಾಲ.

ಆ ಪ್ರಯೋಗದ ವಿಷಯದಲ್ಲಿ ಗಮನಿಸಬೇಕಾದುದು ನಿಮಿಷಗಳ ಲೆಕ್ಕವಲ್ಲ, ಪೆಟ್ಟಿಗೆಯನ್ನು ಇರಿಸಿದ ಸ್ಥಳ. ಹಳ್ಳಿಗೊಂದರಂತೆ ಇದ್ದ ಆ ಪೆಟ್ಟಿಗೆ ಸಾಮಾನ್ಯವಾಗಿ ಶಾಲೆಯಲ್ಲಿಯೋ ಊರಿನ ಇನ್ನಾವುದಾದರೂ ಸಾರ್ವಜನಿಕ ಕಟ್ಟಡದಲ್ಲಿಯೋ ಇರುತ್ತಿತ್ತು. ಮಕ್ಕಳು ಗುಂಪಾಗಿ ಕುಳಿತು ನೋಡಿದರು, ಪಕ್ಕದಲ್ಲಿ ಉಪಾಧ್ಯಾಯರಿದ್ದರು, ಚಿತ್ರ ಮುಗಿದ ಮೇಲೆ ಪೆಟ್ಟಿಗೆ ಮುಚ್ಚುತ್ತಿತ್ತು. ೨೦೦೪ರ ಸೆಪ್ಟೆಂಬರಿನಲ್ಲಿ ಉಡಾಯಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದಾಗಲೂ ನೋಡುವಿಕೆ ಶಾಲೆಯೊಳಗಿನ ಸಾಮೂಹಿಕ ಕ್ರಿಯೆಯಾಗಿಯೇ ಉಳಿದಿತ್ತು.

ಈ ವ್ಯವಸ್ಥೆ ಮುರಿದದ್ದು ೨೦೨೦ರಲ್ಲಿ. ಕೊರೊನಾ ವ್ಯಾಧಿಯ ಕಾರಣ ಶಾಲೆಗಳು ಮುಚ್ಚಿ ಮಕ್ಕಳು ಮನೆಗಳಲ್ಲಿ ಸೆರೆಯಾದರು. ಆ ಏಪ್ರಿಲ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ‘ಮಕ್ಕಳ ವಾಣಿ’ ಎಂಬ ಯೂಟ್ಯೂಬ್ ವಾಹಿನಿಯನ್ನು ತೆರೆದು ಕಥೆ, ಹಾಡು, ಕರಕುಶಲ, ಒಗಟುಗಳನ್ನು ಮಕ್ಕಳಿಗೆ ಒದಗಿಸಿತು. ಬೀದಿಗೆ ಬರಲಾರದ ಮಗುವಿಗೆ ನಗಲು, ಹಾಡಲು ಒಂದು ಆಸರೆ ಬೇಕೆಂದು ಸರ್ಕಾರಿ ಇಲಾಖೆಯೊಂದು ಪಾಠಕ್ಕಿಂತ ಮೊದಲು ಯೋಚಿಸಿತೆಂಬುದು ಶ್ಲಾಘನೀಯವಾದ ಸಂಗತಿ. ಆದರೆ ಅದೇ ವರ್ಷ ಇನ್ನೊಂದು ಪ್ರವಾಹವೂ ಹರಿಯಿತು. ಜೂನ್ ಅಂತ್ಯದಲ್ಲಿ ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ‘ಶಾರ್ಟ್ಸ್’ ಭಾರತದಲ್ಲಿಯೇ ಮೊದಲು ಪ್ರಯೋಗಕ್ಕೆ ಬಂದಿತು. ಪಾಠಕ್ಕೆಂದು ಮನೆಯೊಳಗೆ ಬಂದ ಮೊಬೈಲು ಶಾಲೆ ತೆರೆದ ಮೇಲೆ ಹೊರಗೆ ಹೋಗಲಿಲ್ಲ. ಹೀಗೆ ಊರಿನ ನಡುವೆ ಇದ್ದ ಚಿತ್ರ ಮಗುವಿನ ಅಂಗೈಗೆ ಬಂದಿತು, ಗುಂಪು ಕರಗಿತು, ಪಕ್ಕದಲ್ಲಿದ್ದ ಹಿರಿಯರು ಎದ್ದುಹೋದರು, ಒಂದು ಚಿತ್ರ ಮುಗಿಯುವ ಮುನ್ನವೇ ಇನ್ನೊಂದು ತಾನಾಗಿ ಬರತೊಡಗಿತು. ನಮ್ಮ ವಿಮರ್ಶೆಗೆ ಮುಖ್ಯವಾದ ಪರಿವರ್ತನೆ ಇದೇ.

೩

ಇನ್ನು ಈ ಚಿತ್ರಗಳ ರೂಪವನ್ನು ನೋಡೋಣ. ಇವುಗಳ ಮೊದಲನೆಯ ದೋಷವೆಂದರೆ ಅವಸರದ ಸಮಾಧಾನ. ಆನೆ ಮೊಲವನ್ನು ತಳ್ಳುತ್ತದೆ, ಮೊಲ ಅಳುತ್ತದೆ, ಆನೆ ‘ಸಾರಿ’ ಎನ್ನುತ್ತದೆ, ಇಬ್ಬರೂ ಕುಣಿಯುತ್ತಾರೆ. ಇಷ್ಟಕ್ಕೆ ತೊಂಬತ್ತು ಸೆಕೆಂಡುಗಳು. ನಿಜವಾದ ಬಾಲ್ಯದಲ್ಲಿ ನೋವು ಇಷ್ಟು ಬೇಗ ಆರುವುದಿಲ್ಲ. ‘ಸಾರಿ’ ಎಂದ ಮೇಲೂ ಎದುರಿನವನು ಮುಖ ತಿರುಗಿಸಬಹುದು. ಆಗ ಏನು ಮಾಡಬೇಕೆಂಬುದೇ ಕಲಿಯಬೇಕಾದ ವಿದ್ಯೆ. ಚಿತ್ರ ಆ ಎಡೆಗೆ ಬರುವಷ್ಟರಲ್ಲಿ ಮುಗಿದಿರುತ್ತದೆ.

ಎರಡನೆಯದು, ನೀತಿ ಮಗುವಿಗೆ ತಲುಪಿತೆಂಬ ಭ್ರಮೆ. ಈ ವಿಷಯದಲ್ಲಿ ಮೇರಿ–ಲೂಯಿಸ್ ಮೇರ್ಸ್ ಮತ್ತು ಎಮಿಲಿ ಅಕೋಸ್ಟಾ ಎಂಬ ಅಮೆರಿಕದ ಸಂಶೋಧಕರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಮೂರೇ ಕಾಲುಳ್ಳ ನಾಯಿಯೊಂದನ್ನು ಉಳಿದ ನಾಯಿಗಳು ಮೊದಲು ಹೆದರಿ ದೂರವಿಟ್ಟು, ಆಮೇಲೆ ಜೊತೆಗೆ ಸೇರಿಸಿಕೊಳ್ಳುವ ಕಥೆಯ ಚಿತ್ರವನ್ನು ಅವರು ಶಿಶುವಿಹಾರದ ಮಕ್ಕಳಿಗೆ ತೋರಿಸಿದರು. ತಮಗಿಂತ ಭಿನ್ನರಾದವರನ್ನು ಸ್ವೀಕರಿಸಬೇಕೆಂಬುದು ಚಿತ್ರ ಮಾಡಿದವರ ಆಶಯ. ಏನು ಕಲಿತಿರೆಂದು ಕೇಳಿದಾಗ ಹೆಚ್ಚಿನ ಮಕ್ಕಳು ಆ ವಿಶಾಲವಾದ ಅರ್ಥವನ್ನು ಹಿಡಿಯಲಿಲ್ಲ. ಮೂರು ಕಾಲಿನ ನಾಯಿಗಳಿಗೆ ಒಳ್ಳೆಯವರಾಗಿರಬೇಕು ಎಂಬಲ್ಲಿಗೆ ಅವರ ಪಾಠ ನಿಂತಿತು. ಮಕ್ಕಳು ದಡ್ಡರೆಂದಲ್ಲ. ದೃಷ್ಟಾಂತದಿಂದ ಸಿದ್ಧಾಂತಕ್ಕೆ ಹೋಗಲು ಸೇತುವೆಯೊಂದು ಬೇಕು. ಅದನ್ನು ಕಟ್ಟುವವರು ಪಕ್ಕದಲ್ಲಿರಲಿಲ್ಲ.

ನಮ್ಮ ಹಳೆಯ ಕಥನಪರಂಪರೆ ಈ ಸೇತುವೆಯನ್ನು ಮರೆತಿರಲಿಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಮೂಲಕ ಕನ್ನಡಕ್ಕೆ ಬಂದ ಪಂಚತಂತ್ರವನ್ನೇ ನೋಡಿರಿ. ಅಲ್ಲಿ ಯಾವ ಕಥೆಯೂ ಸುಮ್ಮನೆ ಬರುವುದಿಲ್ಲ. ಒಬ್ಬನಿಗೆ ಸಂಕಟವಿದೆ, ಸಂದೇಹವಿದೆ. ಅದಕ್ಕೆ ಉತ್ತರವಾಗಿ ಇನ್ನೊಬ್ಬನು ಕಥೆ ಹೇಳುತ್ತಾನೆ. ಕೇಳಿದವನು ಒಪ್ಪದಿದ್ದರೆ ಪ್ರತಿಕಥೆಯನ್ನು ಹೇಳುತ್ತಾನೆ. ಕಥೆಯೆಂಬುದು ಅಲ್ಲಿ ಇಬ್ಬರ ನಡುವಣ ಮಾತು. ಪುಣ್ಯಕೋಟಿಯ ಹಾಡಿನಲ್ಲಿಯೂ ಹಾಗೆಯೇ. ಕೊಟ್ಟ ಮಾತಿಗಾಗಿ ಹಸು ಎಳೆಗರುವನ್ನು ಬಿಟ್ಟು ಹೊರಡುವುದು ಸರಿಯೆ, ಹುಲಿ ಏಕೆ ಪ್ರಾಣಬಿಟ್ಟಿತು ಎಂದು ಕೇಳದ ಮಗುವಿಲ್ಲ. ಅಜ್ಜಿಯ ಉತ್ತರದಿಂದ ತೃಪ್ತಿಯಾಗದೆ ಮಲಗಿದ ಮಗುವೂ ಉಂಟು. ಆ ಅತೃಪ್ತಿಯೇ ಭಾವಶಿಕ್ಷಣದ ಬೀಜ. ಅದೇ ಹಾಡನ್ನು ಆಧರಿಸಿದ ಚಿತ್ರದ ಕೊನೆಯಲ್ಲಿ ‘ನೀತಿ: ಸತ್ಯಕ್ಕೆ ಜಯ’ ಎಂಬ ಫಲಕವನ್ನು ತೋರಿಸಿದೊಡನೆ ಪ್ರಶ್ನೆಗೆ ಬೀಗ ಬೀಳುತ್ತದೆ. ಹರಿಕಥೆಯ ದಾಸರು ಸಭೆಯ ಮುಖವನ್ನು ನೋಡಿ ಕಥೆಯನ್ನು ಹಿಗ್ಗಿಸುತ್ತಿದ್ದರು, ಕುಗ್ಗಿಸುತ್ತಿದ್ದರು. ತೆರೆ ಯಾರ ಮುಖವನ್ನೂ ನೋಡುವುದಿಲ್ಲ.

೪

ಮೇಲಿನ ದೋಷಗಳು ಎಲ್ಲ ದೇಶಕ್ಕೂ ಸಾಮಾನ್ಯವಾದುವು. ನಮ್ಮ ನಾಲ್ಕು ಊರುಗಳಿಗೆ ವಿಶೇಷವಾದ ಕೆಲವು ತೊಡಕುಗಳೂ ಇವೆ.

ಮೊದಲನೆಯದು ಭಾಷೆ. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಶಾಲೆಯಲ್ಲಿ ಕನ್ನಡ ಓದುವ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗನ್ನೂ, ಚಿಂತಾಮಣಿ ಶಿಡ್ಲಘಟ್ಟಗಳ ಹಲವು ಕೇರಿಗಳಲ್ಲಿ ದಖನಿ ಉರ್ದುವನ್ನೂ ಆಡುತ್ತಾರೆ. ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದ ಕಟ್ಟಿದುದು ಈ ನೆಲದ ಸಹಜಸ್ಥಿತಿಗೆ ಸಾಕ್ಷಿ. ಮಗು ಗಣಿತವನ್ನು ಎರಡನೆಯ ಭಾಷೆಯಲ್ಲಿ ಕಲಿಯಬಲ್ಲದು. ಅಳುವನ್ನು ಮಾತ್ರ ಮೊದಲನೆಯ ಭಾಷೆಯಲ್ಲಿಯೇ ಅಳುತ್ತದೆ. ಚಿತ್ರಗಳ ಭಾಷೆಯಾದರೋ ಒಂದೋ ಇಂಗ್ಲಿಷ್ ಬೆರೆತ ಬೆಂಗಳೂರಿನ ನುಡಿ, ಇಲ್ಲವೆ ‘ಸಹಾನುಭೂತಿ’, ‘ಭಾವನೆಗಳ ನಿರ್ವಹಣೆ’ ಎಂಬ ಗ್ರಂಥಸ್ಥ ಭಾಷಾಂತರ. ಈ ಪದಗಳಿಂದ ಮಗು ತನ್ನ ಹೊಟ್ಟೆಯೊಳಗಿನ ಸಂಕಟವನ್ನು ಗುರುತಿಸಲಾರದು. ಹೊಟ್ಟೆಕಿಚ್ಚು, ಮುನಿಸು, ದಿಗಿಲು, ಅಳುಕು, ಕನಿಕರ, ನಾಚಿಕೆ ಎಂಬ ನಮ್ಮ ಮಾತುಗಳಿಗೆ ಸೂಕ್ಷ್ಮತೆ ಕಡಿಮೆಯಿಲ್ಲ. ಅವು ಚಿತ್ರಗಳಲ್ಲಿ ಕೇಳಿಬರುವುದು ಮಾತ್ರ ಅಪರೂಪ.

ಎರಡನೆಯದು ಸನ್ನಿವೇಶ. ಹುಟ್ಟುಹಬ್ಬದ ಕೇಕು, ಆಟಿಕೆಗಳಿಂದ ತುಂಬಿದ ಸ್ವಂತ ಕೋಣೆ, ಉದ್ಯಾನದ ಜಾರುಬಂಡೆ, ಇವೇ ಹೆಚ್ಚಿನ ಚಿತ್ರಗಳ ಲೋಕ. ಆಟಿಕೆಯನ್ನು ಹಂಚಿಕೊ ಎಂದು ಬೋಧಿಸುವ ಚಿತ್ರ ಆಟಿಕೆಯಿರುವ ಮಗುವನ್ನು ಉದ್ದೇಶಿಸಿದ್ದು. ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವ ಘಟಕಕ್ಕೆ ಕೆಲಸಕ್ಕೆ ಹೋಗುವ ತಾಯಿಯ ಮಗು ಕಲಿಯಬೇಕಾದ ವಿದ್ಯೆ ಬೇರೆ: ತಾಯಿ ಬರುವವರೆಗೆ ತಂಗಿಯನ್ನು ಸಂತೈಸುವುದು, ನಲ್ಲಿಯ ಮುಂದಿನ ಸಾಲಿನಲ್ಲಿ ದೊಡ್ಡವರ ನಡುವೆ ತನ್ನ ಸರದಿಯನ್ನು ಬಿಟ್ಟುಕೊಡದೆ ನಿಲ್ಲುವುದು, ಟೊಮೆಟೊ ಬೆಲೆ ಬಿದ್ದ ದಿನ ಮನೆಯವರ ಮುಖ ಏಕೆ ಬಿಗಿದಿದೆಯೆಂದು ಅರ್ಥಮಾಡಿಕೊಳ್ಳುವುದು. ಈ ವಿದ್ಯೆಯಲ್ಲಿ ಆ ಮಗು ಚಿತ್ರದ ಆನೆಗಿಂತ ಮುಂದಿರುವುದೂ ಸಾಧ್ಯ.

ಮೂರನೆಯದಾಗಿ, ಮಕ್ಕಳಿಗೆ ತಮ್ಮದೇ ಆದ ಸಂಸ್ಥೆಗಳಿವೆ ಎಂಬುದನ್ನು ಈ ಚಿತ್ರಗಳು ಕಾಣುವುದಿಲ್ಲ. ಜಗಳವಾದಾಗ ‘ಟೂ’ ಬಿಡುವುದನ್ನು ನಾವೆಲ್ಲ ಬಲ್ಲೆವು. ಅದಕ್ಕೆ ವಿಧಿಯಿದೆ, ಸಾಕ್ಷಿಗಳಿದ್ದಾರೆ. ಎರಡೂ ಕಡೆಗೆ ಓಡಾಡಿ ಮಾತು ಕೂಡಿಸುವ ಸಂಧಾನಕಾರ ಸ್ನೇಹಿತನಿದ್ದಾನೆ. ಗೋಲಿ, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆಗಳಲ್ಲಿ ಸೋಲನ್ನು ನುಂಗುವ, ಮೋಸವನ್ನು ಎಲ್ಲರೆದುರು ಪ್ರಶ್ನಿಸುವ ಅಭ್ಯಾಸವಿದೆ. ಭಾವವನ್ನು ಪಳಗಿಸುವ ಈ ಗರಡಿಗಳಿಗೆ ಬೇಕಾದುದು ಕಾಲ. ತೆರೆ ಕದಿಯುವುದು ಆ ಕಾಲವನ್ನೇ. ಪರಸ್ಪರ ಬೆರೆಯುವುದನ್ನು ಬೋಧಿಸುವ ಚಿತ್ರಗಳನ್ನು ನೋಡುತ್ತ ಮಗು ಯಾರೊಡನೆಯೂ ಬೆರೆಯದೆ ಸಂಜೆಯನ್ನು ಕಳೆಯುವುದು ವಿಪರ್ಯಾಸವಲ್ಲವೆ? ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ತೆರೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದುದನ್ನು ಇಲ್ಲಿ ನೆನೆಯಬಹುದು.

ನಾಲ್ಕನೆಯ ಮಾತು ಎಲ್ಲಕ್ಕಿಂತ ಗುರುತರವಾದುದು. ಚಿತ್ರದ ಮೊಲಕ್ಕೂ ಆನೆಗೂ ಜಾತಿಯಿಲ್ಲ. ನಮ್ಮ ಮಕ್ಕಳಿಗೆ ಅದು ಹುಟ್ಟಿನಿಂದಲೇ ಅಂಟಿದೆ. ಯಾರ ಮನೆಯಲ್ಲಿ ನೀರು ಕುಡಿಯಬಾರದು, ಯಾರನ್ನು ಹೊಸ್ತಿಲಿನಾಚೆ ನಿಲ್ಲಿಸಬೇಕು ಎಂಬ ಪಾಠವನ್ನು ಮಗು ಯಾವ ಚಿತ್ರದಿಂದಲೂ ಕಲಿಯುವುದಿಲ್ಲ. ಹಿರಿಯರ ನಡೆಯಿಂದ ಕಲಿಯುತ್ತದೆ. ‘ಎಲ್ಲರೊಡನೆ ಸ್ನೇಹದಿಂದಿರು’ ಎಂಬ ಮಧುರವಾದ ಹಾಡು ಈ ಪಾಠವನ್ನು ಅಳಿಸಲಾರದು. ಇದಕ್ಕೆ ಪ್ರತಿಯಾಗಿ ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವನ್ನು ನೋಡಿರಿ. ಒಂದೇ ಪಂಕ್ತಿಯಲ್ಲಿ ಕುಳಿತು, ಒಂದೇ ಪಾತ್ರೆಯ ಸಾರನ್ನು ಬಡಿಸಿಕೊಂಡು, ಪಕ್ಕದವನಿಗೆ ಬಂತೇ ಎಂದು ನೋಡಿ ಉಣ್ಣುವ ಮಗು ದಿನದಿನವೂ ಪಡೆಯುವ ಶಿಕ್ಷಣ ಸಾವಿರ ಚಿತ್ರಗಳಿಗೆ ಮಿಗಿಲಾದುದು. ಆ ಪಂಕ್ತಿ ಎಲ್ಲಿ ಮುರಿಯುತ್ತದೆಯೋ ಅಲ್ಲಿ ಸಾವಿರ ಚಿತ್ರಗಳಿಂದಲೂ ಪ್ರಯೋಜನವಿಲ್ಲ.

೫

ಇಷ್ಟು ಹೇಳಿದ ಮಾತ್ರಕ್ಕೆ ಕಿರುಚಿತ್ರ ತ್ಯಾಜ್ಯವೆಂದು ತೀರ್ಮಾನಿಸುವುದು ಸಮಂಜಸವಲ್ಲ. ಚಿತ್ರಕ್ಕೆ ಮಗುವನ್ನು ತಿದ್ದುವ ಶಕ್ತಿಯಿದೆಯೆ ಎಂಬ ಪ್ರಶ್ನೆಗೆ ಮೊದಲ ಉತ್ತರ ದೊರೆತದ್ದು ಕೆಡಿಸುವ ಶಕ್ತಿಯ ಪರೀಕ್ಷೆಯಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಬಂಡೂರರು ೧೯೬೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೊಂಬೆಯನ್ನು ಹೊಡೆಯುವ ಚಲನಚಿತ್ರ ನೋಡಿದ ಮಕ್ಕಳು ತಾವೂ ಹಾಗೆಯೇ ಹೊಡೆದರು. ಕೆಟ್ಟದ್ದನ್ನು ಅನುಕರಿಸುವ ಮಗು ಒಳ್ಳೆಯದನ್ನೂ ಅನುಕರಿಸಬಲ್ಲದೆಂಬುದು ತರ್ಕಸಮ್ಮತ. ಆದರೆ ಒಂದು ಅಂತರವುಂಟು: ಹೊಡೆತ ಕಣ್ಣಿಗೆ ಕಾಣುವ ಕ್ರಿಯೆ, ಕನಿಕರ ಕಾಣದ ಕ್ರಿಯೆ. ಕಾಣದುದಕ್ಕೆ ವ್ಯಾಖ್ಯಾನ ಬೇಕು.

ಈ ಮಾತಿಗೆ ಪುಷ್ಟಿ ಕೊಡುವ ಅಧ್ಯಯನವೊಂದು ೨೦೧೬ರಲ್ಲಿ ಪ್ರಕಟವಾಯಿತು. ಎರಿಕ್ ರಾಸ್‌ಮುಸೆನ್ ಮತ್ತು ಸಂಗಡಿಗರು ಎರಡರಿಂದ ಆರು ವರ್ಷದ ಮಕ್ಕಳಿಗೆ ‘ಡೇನಿಯಲ್ ಟೈಗರ್ಸ್ ನೇಬರ್‌ಹುಡ್’ ಎಂಬ, ಭಾವಶಿಕ್ಷಣಕ್ಕೆಂದೇ ನಿರ್ಮಿಸಿದ ಚಿತ್ರಮಾಲೆಯನ್ನು ತೋರಿಸಿದರು. ನೋಡಿದ ಮಕ್ಕಳಲ್ಲಿ ಪರರ ಭಾವವನ್ನು ಗುರುತಿಸುವ ಶಕ್ತಿ ಹೆಚ್ಚಿತು. ಆದರೆ ಹೆಚ್ಚಿದ್ದು ನೋಡಿದುದರ ಬಗ್ಗೆ ತಂದೆತಾಯಿಗಳು ಆಗಾಗ ಮಾತನಾಡುತ್ತಿದ್ದ ಮನೆಗಳ ಮಕ್ಕಳಲ್ಲಿ. ಚಿತ್ರಕ್ಕೆ ಫಲ ಬಂದುದು ಮಾತಿನ ಮೂಲಕವೆಂದಾಯಿತು.

ಚಿತ್ರ ಅನಿವಾರ್ಯವೆನಿಸುವ ಪ್ರಸಂಗಗಳೂ ಇವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಚೈಲ್ಡ್‌ಲೈನ್ ಸಂಸ್ಥೆ ಸಿದ್ಧಪಡಿಸಿದ ‘ಕೋಮಲ್’ ಎಂಬ ಸುಮಾರು ಹತ್ತು ನಿಮಿಷದ ಚಿತ್ರ ಅಂಥದು. ಯಾವ ಸ್ಪರ್ಶ ಸರಿ, ಯಾವುದು ಸರಿಯಲ್ಲ ಎಂದು ಹೇಳಲು ನಮ್ಮ ಅನೇಕ ಉಪಾಧ್ಯಾಯರ ನಾಲಗೆ ಇಂದಿಗೂ ತಡವರಿಸುತ್ತದೆ. ಹಿರಿಯರ ಸಂಕೋಚ ಮಗುವಿಗೆ ಅಪಾಯವಾಗುವ ಕಡೆ ಚಿತ್ರವೇ ಮಾತನಾಡುವುದು ಲೇಸು. ಆದರೂ ಚಿತ್ರ ನೋಡಿದ ಮಗು ‘ನನಗೂ ಹೀಗಾಯಿತು’ ಎಂದು ಬಾಯಿಬಿಟ್ಟಾಗ ಬೈಯದೆ ಆಲಿಸುವ ಒಬ್ಬ ಹಿರಿಯರು ಬೇಕೇ ಬೇಕು. ೧೦೯೮ ಎಂಬ ಸಹಾಯವಾಣಿಯ ಆಚೆ ತುದಿಯಲ್ಲಿ ಫೋನೆತ್ತುವುದೂ ಒಬ್ಬ ಮನುಷ್ಯನೇ. ಬಾಯಿ ತೆರೆಯಿಸಿ ಕಿವಿ ಕೊಡದಿದ್ದರೆ ಅದು ಶಿಕ್ಷಣವಲ್ಲ, ದ್ರೋಹ.

೬

ಹಾಗಾದರೆ ನಾವು ಮಾಡಬೇಕಾದುದೇನು? ಕಾಲೇಜಿನ ಅಧ್ಯಾಪಕರೂ, ನಾಳೆ ಉಪಾಧ್ಯಾಯರಾಗಲಿರುವ ನಮ್ಮ ವಿದ್ಯಾರ್ಥಿಗಳೂ ಗಮನಿಸಬೇಕಾದ ಕೆಲವು ಸೂಚನೆಗಳನ್ನು ಇಲ್ಲಿ ಮುಂದಿಡುತ್ತೇನೆ.

ಒಂದು: ಚಿತ್ರಗಳ ಸಂಖ್ಯೆ ಕಡಿಮೆಯಾಗಲಿ. ವಾರಕ್ಕೊಂದು ಸಾಕು. ಅದನ್ನು ಅಂಗೈಯಿಂದ ಮರಳಿ ಗೋಡೆಗೆ ತರಬೇಕು; ಎಲ್ಲರೂ ಕೂಡಿ ನೋಡಬೇಕು. ೧೯೭೫ರ ಹಳ್ಳಿಶಾಲೆಯಿಂದ ನಾವು ಪಡೆಯಬೇಕಾದ ಪಾಠ ಇದೇ.

ಎರಡು: ಚಿತ್ರವನ್ನು ನಡುವೆ ನಿಲ್ಲಿಸಬೇಕು. ಆನೆ ತಳ್ಳಿತು, ಮೊಲ ಬಿದ್ದಿತು ಎಂಬಲ್ಲಿಗೆ ತಡೆದು, ‘ಈಗ ಮೊಲಕ್ಕೆ ಏನನ್ನಿಸುತ್ತದೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಕೇಳಬೇಕು. ಉತ್ತರ ತೆಲುಗಿನಲ್ಲಿ ಬಂದರೆ ಬರಲಿ, ದಖನಿಯಲ್ಲಿ ಬಂದರೆ ಬರಲಿ. ಕೊನೆಯ ನೀತಿಯ ಫಲಕವನ್ನು ತೋರಿಸದಿರುವುದೇ ಮೇಲು. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ಆ ಪಟ್ಟಣದಲ್ಲಿ ನ್ಯಾಷನಲ್ ಕಾಲೇಜು ತಲೆಯೆತ್ತಲು ಕಾರಣರಾದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು ಜೀವಮಾನವೆಲ್ಲ ಹೇಳಿದರು. ನೀತಿಯ ವಿಷಯದಲ್ಲಿಯೂ ಆ ಮಾತು ಸಲ್ಲುತ್ತದೆ.

ಮೂರು: ನಮ್ಮ ನೆಲದ ಪ್ರಸಂಗಗಳು ಚಿತ್ರಗಳಾಗಬೇಕು, ಸಾಧ್ಯವಾದರೆ ಮಕ್ಕಳೇ ಅವನ್ನು ಮಾಡಬೇಕು. ನಲ್ಲಿಯ ಸಾಲು, ಬಿಸಿಯೂಟದ ಪಂಕ್ತಿ, ಟೂ ಬಿಟ್ಟ ಗೆಳೆಯರು, ಇವೇ ವಸ್ತುಗಳು. ಒಂದು ಜಗಳವನ್ನು ಅಭಿನಯಿಸಿ ಚಿತ್ರಿಸುವ ಮಗು ಹೊಡೆದವನ ಪಾತ್ರವನ್ನೂ ಹೊಡೆಸಿಕೊಂಡವನ ಪಾತ್ರವನ್ನೂ ವಹಿಸಬೇಕಾಗುತ್ತದೆ; ಪರಕಾಯಪ್ರವೇಶದ ಆ ಅಭ್ಯಾಸ ಹತ್ತು ಚಿತ್ರ ನೋಡುವುದಕ್ಕೆ ಸಮ. ಚರಿತ್ರೆಯಲ್ಲಿಯೂ ಇಂಥ ವಸ್ತುವಿದೆ. ೧೯೩೮ರ ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೃತರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಾಣಿಕೆಯಿಲ್ಲ. ಇದನ್ನು ಒಂದು ನಿಮಿಷದ ಚಿತ್ರವಾಗಿಸಿ ವಾದ್ಯಘೋಷ ಸೇರಿಸಿದರೆ ಮಗುವಿಗೆ ಹೆಮ್ಮೆಯೊಂದೇ ದಕ್ಕುತ್ತದೆ. ಮಕ್ಕಳನ್ನು ಆ ಸ್ಥಳಕ್ಕೆ ಕರೆದೊಯ್ದು, ಗುಂಪಿನಲ್ಲಿದ್ದವರಿಗೆ ಎಷ್ಟು ದಿಗಿಲಾಗಿರಬಹುದು, ಗುಂಡು ಹಾರಿಸಿದವನ ಮನಸ್ಸಿನಲ್ಲಿ ಏನಿದ್ದಿರಬಹುದು ಎಂದು ಕೇಳಿದರೆ ಅದು ಚರಿತ್ರೆಯ ಪಾಠವೂ ಹೌದು, ಭಾವದ ಪಾಠವೂ ಹೌದು.

ನಾಲ್ಕು: ಫಲವನ್ನು ಅಳೆಯುವ ಬಗೆ ಬದಲಾಗಬೇಕು. ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂಬ ಸಂಖ್ಯೆ ಚಿತ್ರದ ಪ್ರಸಾರವನ್ನು ತಿಳಿಸುತ್ತದೆಯೇ ಹೊರತು ಮಗುವಿನ ಬೆಳವಣಿಗೆಯನ್ನಲ್ಲ. ಕೋಪದ ಬಗ್ಗೆ ಚಿತ್ರ ನೋಡಿದ ಮಗು ಮುಂದಿನ ವಾರದ ಜಗಳದಲ್ಲಿ ಏನು ಮಾಡಿತು? ಹೊಸದಾಗಿ ಶಾಲೆಗೆ ಬಂದ ಹುಡುಗಿಯ ಪಕ್ಕದಲ್ಲಿ ಯಾರು ಕುಳಿತರು? ಇದನ್ನು ಉಪಾಧ್ಯಾಯರು ಕಣ್ಣಿಟ್ಟು ನೋಡಿ ಬರೆದಿಡಬೇಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಯುಕ್ತವಾದ ಕ್ಷೇತ್ರಕಾರ್ಯ ದೊರೆಯುವುದು ಕಷ್ಟ. ಸಂಶೋಧನೆಗೆ ದೂರ ಹೋಗಬೇಕಾಗಿಲ್ಲ, ಪಕ್ಕದ ಬೀದಿಯ ಪ್ರಾಥಮಿಕ ಶಾಲೆ ಸಾಕು.

ಈ ಸೂಚನೆಗಳೆಲ್ಲಕ್ಕೂ ಉಪಾಧ್ಯಾಯರ ಕಾಲ ಬೇಕು. ಅರ್ಜಿ, ಅಂಕಿಅಂಶ, ಸಮೀಕ್ಷೆಗಳಲ್ಲಿ ಆ ಕಾಲ ಕರಗುತ್ತಿದೆಯೆಂಬುದು ಸರ್ವವಿದಿತ. ಉಪಾಧ್ಯಾಯರ ಕಾಲವನ್ನು ಉಳಿಸಲೆಂದು ಚಿತ್ರವನ್ನು ತರುವವರು ಒಂದು ವಿಷಯವನ್ನು ಮನಗಾಣಬೇಕು: ಭಾವಶಿಕ್ಷಣದಲ್ಲಿ ಉಪಾಧ್ಯಾಯರ ಕಾಲವೇ ಪಾಠ; ಅದನ್ನು ಉಳಿಸಹೊರಟರೆ ಪಾಠವೇ ಇಲ್ಲದಾಗುತ್ತದೆ. ಮಾತಿಗೆ ಮೊದಲು ಮಾಡಿಕೊಡುವ ನಿಮಿತ್ತವಾಗಿ ಕಿರುಚಿತ್ರ ಬರಲಿ, ಅದಕ್ಕೆ ಸ್ವಾಗತವಿದೆ. ಮಾತಿಗೆ ಬದಲಾಗಿ ಬರುವುದಾದರೆ, ಅದೆಷ್ಟೇ ಚೆಲುವಾಗಿದ್ದರೂ ಅದನ್ನು ಶಾಲೆಯ ಹೊರಗೇ ನಿಲ್ಲಿಸುವುದು ಉಚಿತ.